ಏರುಪೇರಾದ ಚೊಚ್ಚಲ ಆಲ್ಬಮ್ಮನ್ನು ಕೇಳುವುದು ಹೇಗೆ? ದೆಲಿರಿಯಮ್ ತಂಡದ ‘ದೋಲ್ಚೆ ಆಕ್ವಾ’

ಪ್ರಶ್ನೆ: ಸರ್, ಎರಡು ವರ್ಷದಿಂದ ಇಟಲಿಯ ಪ್ರೊಗ್ರೆಸಿವ್ ರಾಕ್ (ಜಾಜ್, ಶಾಸ್ತ್ರೀಯ ಸಂಗೀತ ಎಲ್ಲ ಬೆರೆಸಿ ಉದ್ದುದ್ದ ಹಾಡು ಕಟ್ಟುವ ರಾಕ್) ಕೇಳುತ್ತಿದ್ದೇನೆ. ಪಿಎಫ್ಎಂ, ಬಾಂಕೊ, ಲೆ ಓರ್ಮೆ ತಂಡಗಳೆಲ್ಲ ಇಷ್ಟವಾದವು. ಈಚೆಗೆ ದೆಲಿರಿಯಮ್ ತಂಡದ ಮೊದಲ ಆಲ್ಬಮ್ ‘ದೋಲ್ಚೆ ಆಕ್ವಾ’ ಕೇಳಿದೆ. ಕೆಲವು ಹಾಡು ಮನಸ್ಸಿಗೆ ನಾಟಿದವು. ಕೆಲವು ಬೇರೆ ಯಾರೋ ನುಡಿಸಿದಂತಿವೆ. ನಾಲ್ಕನೆಯದಂತೂ ಪೂರ್ತಿ ಜಾಜ್. ಮೂರು ಸಲ ಕೇಳಿದರೂ ಎಲ್ಲ ಸೇರಿ ಒಂದು ಆಲ್ಬಮ್ ಅನ್ನಿಸಲಿಲ್ಲ. ಬಲ್ಲವರು ಇದನ್ನು ಮೆಚ್ಚುತ್ತಾರೆ. ತಪ್ಪು ನನ್ನ ಕಿವಿಯದ್ದಾ, ಆಲ್ಬಮ್ಮಿನದ್ದಾ? ಇದನ್ನು ಹೇಗೆ ಕೇಳಬೇಕು, ಇದಾದ ಮೇಲೆ ಏನು ಕೇಳಬೇಕು?

ಉತ್ತರ: ನಿಮ್ಮ ಕಿವಿ ಸರಿಯಾಗೇ ಇದೆ. ‘ದೋಲ್ಚೆ ಆಕ್ವಾ’ ಏರುಪೇರಿನ ಆಲ್ಬಮ್ಮೇ. ನಾನು ಇದನ್ನು ಇಪ್ಪತ್ತೈದು ವರ್ಷದಿಂದ ಕೇಳುತ್ತಿದ್ದೇನೆ. ಇವತ್ತಿಗೂ ಆ ಏರುಪೇರು ನನಗೆ ಹಾಗೇ ಕೇಳಿಸುತ್ತದೆ. ಆದರೂ ವರ್ಷಕ್ಕೆ ನಾಲ್ಕೈದು ಸಲ ಇದನ್ನು ಹಾಕಿಕೊಂಡು ಕೂರುತ್ತೇನೆ. ಎಷ್ಟೋ ನುಣುಪಾದ ಆಲ್ಬಮ್ಮುಗಳು ನನ್ನ ಕಪಾಟಿನಲ್ಲಿ ಧೂಳು ಹಿಡಿದಿವೆ, ಇದು ಹಿಡಿದಿಲ್ಲ.

ಕೈ ಸಾಲದೆ ಕೆಡುವ ಆಲ್ಬಮ್ಮುಗಳಿವೆ. ಕೈಯಲ್ಲಿ ಬೇಕಾದಷ್ಟಿದ್ದು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತೋಚದೆ ಏರುಪೇರಾಗುವ ಆಲ್ಬಮ್ಮುಗಳೂ ಇವೆ. ಇದು ಎರಡನೇ ಥರದ್ದು. ಒಳ್ಳೆಯ ನುಡಿಸುವವರು ಐದು ಜನ ಒಂದು ಕೋಣೆಯಲ್ಲಿದ್ದಾರೆ. ತಾವು ಯಾವ ತಂಡ ಆಗಬೇಕು ಅನ್ನುವುದನ್ನು ಇನ್ನೂ ತೀರ್ಮಾನಿಸಿಲ್ಲ. ಆ ತೀರ್ಮಾನ ಆಗುವ ಮೊದಲೇ ಒಂದು ಹಾಡು ಇಡೀ ದೇಶದ ಬಾಯಲ್ಲಿ ಕೂತುಬಿಟ್ಟಿತು, ಹಾಡುಗಾರ ತಂಡ ಬಿಟ್ಟು ಹೊರಟ. ಹಾಗಾಗಿ ಆ ಐದು ಜನ ಸೇರಿ ಮಾಡಿದ ಪೂರ್ತಿ ಆಲ್ಬಮ್ ಇದೊಂದೇ.

ಮೊದಲು ಯಾರು ಏನು ಅಂತ ಹೇಳಿಬಿಡುತ್ತೇನೆ. ದೆಲಿರಿಯಮ್ ಜೆನೋವಾ ಊರಿನ ತಂಡ. ಜೆನೋವಾ ಅಂದರೆ ಇಟಲಿಯ ವಾಯವ್ಯದಲ್ಲಿರುವ ಲಿಗೂರಿಯಾ ಪ್ರಾಂತ್ಯದ ದೊಡ್ಡ ಬಂದರು. ಮೊದಲು ಈ ತಂಡಕ್ಕೆ ‘ಇ ಸಜಿತ್ತಾರಿ’ ಅಂತ ಹೆಸರಿತ್ತು. ಎತ್ತೋರೆ ವಿಗೊ ಪಿಯಾನೊ ಮತ್ತು ಆರ್ಗನ್, ಮಾರ್ಚೆಲ್ಲೊ ರೆಯಾಲೆ ಬಾಸ್, ಪೆಪ್ಪಿನೊ ದಿ ಸಾಂತೊ ಡ್ರಮ್ಸ್, ಮಿಮ್ಮೊ ದಿ ಮಾರ್ತಿನೊ ಗಿಟಾರ್. ಐದನೆಯವನು ಇವಾನೊ ಫೊಸ್ಸಾತಿ. ಹಾಡುತ್ತಿದ್ದ, ಕೊಳಲು ನುಡಿಸುತ್ತಿದ್ದ. 1951ರ ಸೆಪ್ಟೆಂಬರಿನಲ್ಲಿ ಹುಟ್ಟಿದವನು. ಅಂದರೆ 1971ರಲ್ಲಿ ಫೋನಿತ್ ಕಂಪನಿ ಈ ಎಲ್‌ಪಿ (ಎರಡೂ ಬದಿಯಲ್ಲಿ ಹಾಡಿರುವ ದೊಡ್ಡ ರೆಕಾರ್ಡ್) ಹೊರತಂದಾಗ ಅವನಿಗೆ ಇಪ್ಪತ್ತರ ಆಸುಪಾಸು. ಈ ವಯಸ್ಸನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ದೋಲ್ಚೆ ಆಕ್ವಾ’ ಅಂದರೆ ಸಿಹಿನೀರು. ಕುಡಿಯುವ ನೀರಿಗೆ ನಾವು ಸಿಹಿನೀರು ಅಂತೀವಲ್ವಾ, ಇಟಲಿಯವರೂ ಹಾಗೇ ಅಂತಾರೆ. ಮಾಮೂಲಿ ಮಾತಿನಲ್ಲಿ ‘ಆಕ್ವಾ ದೋಲ್ಚೆ’. ಪದಗಳನ್ನು ಹಿಂದುಮುಂದು ಮಾಡಿದರೆ ಅದಕ್ಕೊಂದು ಕವಿತೆಯ ಧಾಟಿ ಬರುತ್ತದೆ. ಉಪ್ಪುನೀರಿನ ದಡದಲ್ಲಿ ಬೆಳೆದ ಹುಡುಗರು ತಮ್ಮ ಮೊದಲ ಆಲ್ಬಮ್ಮಿಗೆ ಈ ಹೆಸರಿಟ್ಟಿದ್ದು ನನಗೆ ಯಾವಾಗಲೂ ಇಷ್ಟ. (ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಲಿಗೂರಿಯಾದ ಇದೇ ಹೆಸರಿನ ಹಳ್ಳಿಯೊಂದು ಸಿಗುತ್ತದೆ. ಅಲ್ಲಿನ ಹಳೇ ಸೇತುವೆಯ ಚಿತ್ರವನ್ನು ಫ್ರಾನ್ಸಿನ ಚಿತ್ರಕಾರ ಮೊನೆ 1884ರಲ್ಲಿ ಬರೆದ. ಹುಡುಕುವಾಗ ತಂಡದ ಹೆಸರನ್ನೂ ಸೇರಿಸಿ, ಇಲ್ಲದಿದ್ದರೆ ಬರೀ ಸೇತುವೆಯ ಫೋಟೋಗಳೇ ಬರುತ್ತವೆ.)

ಈಗ ಹಾಡುಗಳ ಹೆಸರು ನೋಡಿ. ಎಂಟು ಹಾಡು. ಪ್ರತಿಯೊಂದಕ್ಕೂ ಹೆಸರಿನ ಜೊತೆಗೆ ಕಂಸದಲ್ಲಿ ಇನ್ನೊಂದು ಹೆಸರಿದೆ. ಮೊದಲನೆಯದಕ್ಕೆ ಭಯ. ಆಮೇಲೆ ಸ್ವಾರ್ಥ, ಅನುಮಾನ, ನೋವು. ಎಲ್‌ಪಿ ಮಗುಚಿ ಹಾಕಿದರೆ ಬೂಟಾಟಿಕೆ ಮತ್ತು ಸತ್ಯ, ಕ್ಷಮೆ, ಸ್ವಾತಂತ್ರ್ಯ, ಕೊನೆಗೆ ಭರವಸೆ. ಭಯದಲ್ಲಿ ಶುರುವಾಗಿ ಭರವಸೆಯಲ್ಲಿ ಮುಗಿಯುವ ದಾರಿ. ಕಾಗದದ ಮೇಲೆ ಇದು ತುಂಬ ಅಚ್ಚುಕಟ್ಟು.

ನಿಮಗೆ ಗೊಂದಲ ಆಗಿದ್ದು ಇಲ್ಲೇ ಅಂತ ನನ್ನ ಊಹೆ. ಹೆಸರುಗಳು ‘ನಾವೆಲ್ಲ ಒಂದೇ ಕಥೆ’ ಅನ್ನುತ್ತವೆ, ಸಂಗೀತ ಅದಕ್ಕೆ ಒಪ್ಪುವುದಿಲ್ಲ. ಒಂದು ಹಾಡು ಜಾನಪದದ ಕಡೆಗೆ ಎಳೆಯುತ್ತದೆ, ಇನ್ನೊಂದು ಜಾಜ್ ಕಡೆಗೆ, ಮತ್ತೊಂದು ಇಂಗ್ಲೆಂಡಿನ ರಾಕ್ ಕಡೆಗೆ. ಬೇರೆ ಬೇರೆ ತೋಟದ ಹೂಗಳನ್ನು ಒಂದೇ ದಾರದಲ್ಲಿ ಕಟ್ಟಿದ ಹಾಗೆ. ದಾರ ಗಟ್ಟಿಯಾಗೇ ಇದೆ. ಆದರೆ ಮಲ್ಲಿಗೆ ಮೊಗ್ಗಿನ ಪಕ್ಕದಲ್ಲಿ ದೊಡ್ಡ ಸೇವಂತಿಗೆ ಕೂತರೆ ಮಾಲೆ ಒಂದು ಕಡೆಗೆ ವಾಲುತ್ತದೆ.

ಯಾಕೆ ಹೀಗಾಯಿತು? ಆ ವರ್ಷ ಇಟಲಿಯಲ್ಲಿ ಎಲ್ಲರ ಪರಿಸ್ಥಿತಿಯೂ ಇಷ್ಟೇ ಇತ್ತು. 1960ರ ದಶಕದ ಇಟಲಿಯ ಬ್ಯಾಂಡುಗಳು ಹೆಚ್ಚಿನವು ಬೀಟ್ ಸಂಗೀತದವು. ಬ್ರಿಟನ್ನಿನ, ಅಮೆರಿಕದ ಹಾಡಿಗೆ ಇಟಾಲಿಯನ್ ಪದ ಹಾಕಿ ಹಾಡುವುದು, ಎರಡು ಹಾಡಿನ ಸಣ್ಣ ರೆಕಾರ್ಡ್ ಬಿಡುವುದು, ಡಾನ್ಸ್ ಹಾಲುಗಳಲ್ಲಿ ನುಡಿಸುವುದು. ಆಮೇಲೆ ಕಿಂಗ್ ಕ್ರಿಮ್ಸನ್, ಜೆಥ್ರೊ ಟಲ್ ಥರದ ಇಂಗ್ಲೆಂಡಿನ ತಂಡಗಳ ಎಲ್‌ಪಿಗಳು ಬಂದವು. ನಲವತ್ತು ನಿಮಿಷದ ರೆಕಾರ್ಡಿನಲ್ಲಿ ಒಂದೇ ಕಥೆ ಹೇಳಬಹುದು, ಒಂದು ಹಾಡು ಹತ್ತು ನಿಮಿಷ ಇರಬಹುದು, ಬಾಖ್‌ನನ್ನೂ ಬ್ಲೂಸನ್ನೂ ಕೂಡಿಸಬಹುದು ಅಂತ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಇಟಲಿಯ ಕೇಳುಗರಂತೂ ಇದನ್ನು ಎರಡೂ ಕೈಚಾಚಿ ಬರಮಾಡಿಕೊಂಡರು. ವಾನ್ ಡರ್ ಗ್ರಾಫ್ ಜನರೇಟರ್ ಅನ್ನುವ ಇಂಗ್ಲೆಂಡಿನ ತಂಡವನ್ನು ಅದರ ಸ್ವಂತ ದೇಶದಲ್ಲಿ ಕೇಳುವವರು ಕಡಿಮೆ. 1972ರಲ್ಲಿ ಇಟಲಿಯಲ್ಲಿ ಅವರ ಆಲ್ಬಮ್ ಮೊದಲನೇ ಸ್ಥಾನಕ್ಕೆ ಏರಿತು.

1971ರಲ್ಲಿ ಇಟಲಿಯವರೇ ಮಾಡಿದ ದಾರಿ ಇನ್ನೂ ಸವೆದಿರಲಿಲ್ಲ. ಆ ವರ್ಷ ಲೆ ಓರ್ಮೆ ತಂಡದ ‘ಕೊಲ್ಲಾಜ್’ ಬಂತು. ನೇಪಲ್ಸಿನ ಓಸಾನ್ನಾ ತಂಡದ ‘ಲುವೋಮೊ’ ಬಂತು. ಜೆನೋವಾದ್ದೇ ಆದ ನ್ಯೂ ಟ್ರೋಲ್ಸ್ ತಂಡ ಸಂಗೀತ ರಚನೆಕಾರ ಲೂಯಿಸ್ ಬಕಾಲೋವ್ ಜೊತೆ ಸೇರಿ ವಾದ್ಯವೃಂದ ಇಟ್ಟುಕೊಂಡು ‘ಕೊಂಚೆರ್ತೊ ಗ್ರೊಸ್ಸೊ’ ಮಾಡಿತು. ನೀವು ಇಷ್ಟಪಡುವ ಪಿಎಫ್ಎಂ, ಬಾಂಕೊ ತಂಡಗಳ ಮೊದಲ ಎಲ್‌ಪಿ ಬಂದಿದ್ದು 1972ರಲ್ಲಿ. ದೆಲಿರಿಯಮ್ ಹುಡುಗರು ಸ್ಟುಡಿಯೊಗೆ ಹೋದಾಗ ‘ಇಟಲಿಯ ಪ್ರೊಗ್ರೆಸಿವ್ ರಾಕ್ ಅಂದರೆ ಹೀಗಿರಬೇಕು’ ಅಂತ ನೋಡಿ ಕಲಿಯೋಕೆ ಅವು ಇರಲಿಲ್ಲ. ಆ ಹೆಸರೂ ಆಗ ಬಳಕೆಯಲ್ಲಿರಲಿಲ್ಲ, ಅವರೆಲ್ಲ ಇದನ್ನು ಸುಮ್ನೆ ‘ಪಾಪ್’ ಅನ್ನುತ್ತಿದ್ದರು. ನೀವು 1972, 73ರ ತಂಡಗಳನ್ನು ಮೊದಲು ಕೇಳಿ ಆಮೇಲೆ ಹಿಂದಕ್ಕೆ ಬಂದಿದ್ದೀರಿ. ಅದಕ್ಕೇ ಇದು ಅರ್ಧ ಬೆಂದ ಹಾಗೆ ಅನ್ನಿಸುತ್ತದೆ.

ಇನ್ನೊಂದು ಕಾರಣ ವಾದ್ಯಗಳದ್ದು. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ, ಆದರೆ ಆಲ್ಬಮ್ಮಿನ ಬಣ್ಣ ಇರುವುದೇ ಇದರಲ್ಲಿ. ದಿ ಮಾರ್ತಿನೊ ನುಡಿಸುವುದು ಅಕೌಸ್ಟಿಕ್ ಗಿಟಾರ್. ರಾಕ್ ತಂಡಗಳಲ್ಲಿ ಕರೆಂಟ್ ಗಿಟಾರ್ ಬೇರೆ ವಾದ್ಯಗಳ ನಡುವಿನ ಸಂದುಗಳನ್ನು ಗಾರೆ ಹಾಕಿದ ಹಾಗೆ ಮುಚ್ಚಿಬಿಡುತ್ತದೆ. ಇಲ್ಲಿ ಆ ಗಾರೆ ಇಲ್ಲ. ತಂತಿ ಮೀಟಿದ ತಕ್ಷಣ ಸದ್ದು ಸಾಯುತ್ತದೆ, ಪಿಯಾನೊದ ಸದ್ದೂ ಅಷ್ಟೇ. ಎಳೆದು ನಿಲ್ಲಿಸುವ ದನಿ ಅಂದರೆ ಆರ್ಗನ್, ಕೊಳಲು ಮತ್ತು ಗಂಟಲು ಮಾತ್ರ. ರಾಕ್‌ನ ಬಿರುಸನ್ನೆಲ್ಲ ಡ್ರಮ್ಸ್ ಮತ್ತು ಬಾಸ್ ಹೊರಬೇಕು. ಅದರಿಂದ ಸಂಗೀತದಲ್ಲಿ ಗಾಳಿ ಆಡುತ್ತದೆ, ಎಲ್ಲ ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ. ಹಾಡು ಚೆನ್ನಾಗಿದ್ದಾಗ ಇದು ವರ. ಹಾಡು ಸೊರಗಿದಾಗ ಮುಚ್ಚಿಟ್ಟುಕೊಳ್ಳೋಕೆ ಜಾಗವೇ ಇರುವುದಿಲ್ಲ, ಸಂದುಗಳೆಲ್ಲ ಎದ್ದು ಕಾಣುತ್ತವೆ.

ಕೊಳಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಫೊಸ್ಸಾತಿ ನುಡಿಸುವುದು ಲೋಹದ, ಕೀಲಿಗಳಿರುವ ಅಡ್ಡ ಕೊಳಲು. ಕೆಲವು ಕಡೆ ಅದರ ದನಿ ಒಡೆದಂತೆ, ಒರಟಾಗಿ ಕೇಳುತ್ತದೆ, ಗಮನಿಸಿದಿರಾ? ಜೆಥ್ರೊ ಟಲ್ ಕೇಳಿದ್ದರೆ ಆ ಸದ್ದು ನಿಮಗೆ ಗೊತ್ತಿರುತ್ತದೆ. ಕೊಳಲಿಗೆ ಊದುತ್ತಲೇ ಗಂಟಲಿನಲ್ಲಿ ಸ್ವರ ಗುನುಗುವುದು. ಕೊಳಲಿನ ಸ್ವರ ಒಂದು, ಗಂಟಲಿನ ಸ್ವರ ಒಂದು. ಎರಡೂ ಒಂದೇ ಉಸಿರಿನಲ್ಲಿ ಉಜ್ಜಾಡಿ ಗುರುಗುಟ್ಟುವ ಸದ್ದು ಬರುತ್ತದೆ. ನಮ್ಮ ಕಡೆ ಕೊಳಲು ಕೇಳಿ ಬೆಳೆದವರಿಗೆ ಮೊದಲ ಸಲ ಇದು ಯಾರೋ ಸರಿಯಾಗಿ ಊದಲು ಬಾರದೆ ಒದ್ದಾಡುತ್ತಿರುವ ಹಾಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಬೇಕಂತಲೇ ಮಾಡುವ ಕಸುಬು ಅದು. ಅಮೆರಿಕದ ಜಾಜ್ ವಾದಕ ರೋಲಂಡ್ ಕಿರ್ಕ್ ಅದನ್ನು ಬೆಳೆಸಿದ. ಜೆಥ್ರೊ ಟಲ್‌ನ ಇಯಾನ್ ಆಂಡರ್ಸನ್ 1968ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಕಿರ್ಕ್‌ನದೇ ಒಂದು ರಚನೆ ನುಡಿಸಿದ. ಅಲ್ಲಿಂದ ಅದು ಯುರೋಪಿನ ರಾಕ್ ಹುಡುಗರಿಗೆಲ್ಲ ಹಬ್ಬಿತು. ಅಂದರೆ ದೆಲಿರಿಯಮ್ಮಿನ ಆ ಕೊಳಲನ್ನು ಹಿಡಿದುಕೊಂಡು ಹಿಂದಕ್ಕೆ ಹೋದರೆ ಕೊನೆಗೆ ಸಿಗುವುದು ಜಾಜ್. ನಾಲ್ಕನೆಯ ಹಾಡು ದಿಢೀರಂತ ಜಾಜ್ ಆಯಿತಲ್ಲ ಅಂತ ನೀವು ಕೇಳಿದ್ದಿರಿ. ಅದು ದಿಢೀರಂತ ಬಂದಿದ್ದಲ್ಲ, ಮೊದಲ ಹಾಡಿನಿಂದಲೇ ಆ ಉಸಿರಿನ ಒಳಗೆ ಕೂತಿತ್ತು.

ಇನ್ನು ಹಾಡುಗಳಿಗೆ ಬರೋಣ. ಮೊದಲ ಮೂರನ್ನು ನಾನು ಒಟ್ಟಿಗೇ ಕೇಳುತ್ತೇನೆ. ‘ಪ್ರೆಲೂದಿಯೊ’ ಒಳ್ಳೆಯ ಬಾಗಿಲು. ಎರಡನೆಯದರಲ್ಲಿ ಗಿಟಾರ್ ಮುಂದೆ, ಮೂರನೆಯದರಲ್ಲಿ ವಿಗೊನ ಪಿಯಾನೊ ಮುಂದೆ. ಮೂರನೆಯದು ಜಾಜ್ ಕಡೆಗೆ ಆಗಲೇ ಒಂದು ಕಾಲು ಇಟ್ಟಿದೆ. ಕೆಟ್ಟದ್ದು ಯಾವುದೂ ಇಲ್ಲ, ಆದರೆ ಇಲ್ಲೆಲ್ಲ ಅವರು ಕೇಳಿದ ರೆಕಾರ್ಡುಗಳ ನೆರಳು ಬಿದ್ದಿದೆ.

ನಾಲ್ಕನೆಯದು ನಿಮಗೆ ಒಗ್ಗದ್ದು. ಹೆಸರು ಇಂಗ್ಲಿಷಿನಲ್ಲಿದೆ: ‘ಟು ಸ್ಯಾಚ್ಮೊ, ಬರ್ಡ್ ಅಂಡ್ ಅದರ್ ಅನ್‌ಫರ್ಗೆಟಬಲ್ ಫ್ರೆಂಡ್ಸ್’. ಸ್ಯಾಚ್ಮೊ ಅಂದರೆ ಲೂಯಿ ಆರ್ಮ್‌ಸ್ಟ್ರಾಂಗ್, ಬರ್ಡ್ ಅಂದರೆ ಚಾರ್ಲಿ ಪಾರ್ಕರ್, ಇಬ್ಬರೂ ಅಮೆರಿಕದ ದೊಡ್ಡ ಜಾಜ್ ವಾದಕರು. ಪಾರ್ಕರ್ ತೀರಿಕೊಂಡಿದ್ದು 1955ರಲ್ಲಿ. ಆರ್ಮ್‌ಸ್ಟ್ರಾಂಗ್ ತೀರಿಕೊಂಡಿದ್ದು 1971ರ ಜುಲೈ 6ರಂದು, ಅಂದರೆ ಈ ಆಲ್ಬಮ್ ಬಂದ ವರ್ಷವೇ. ಕಂಸದಲ್ಲಿರುವ ಹೆಸರು ‘ನೋವು’. ಇದನ್ನು ತಿಳಿದುಕೊಂಡು ಮತ್ತೆ ಕೇಳಿ. ಸಾವಿನ ಸುದ್ದಿ ಇನ್ನೂ ಹಸಿಯಾಗಿದ್ದಾಗ ನುಡಿಸಿದ ಶ್ರದ್ಧಾಂಜಲಿ ಅದು. ಅಷ್ಟಾದರೂ ನನ್ನ ಅಭಿಪ್ರಾಯ ಕೇಳಿದರೆ, ಆಲ್ಬಮ್ ಅತಿ ಹೆಚ್ಚು ವಾಲುವುದು ಇಲ್ಲೇ. ನುಡಿಸುವವರಿಗೆ ಖುಷಿಯಾಗುತ್ತಿದೆ ಅಂತ ಗೊತ್ತಾಗುತ್ತದೆ, ಬೆರಳುಗಳು ಸಲೀಸಾಗಿ ಓಡುತ್ತವೆ. ಆದರೆ ಹೆಸರು ಹೇಳುವ ನೋವು ನನಗೆ ಸಂಗೀತದಲ್ಲಿ ಸಿಗುವುದಿಲ್ಲ. ಭಯ, ಸ್ವಾರ್ಥ, ಅನುಮಾನ ಅಂತ ಕಟ್ಟಿಕೊಂಡು ಬಂದ ಕಥೆ ಇಲ್ಲಿ ತುಂಡಾಗುತ್ತದೆ. ಬೇರೆ ರೆಕಾರ್ಡಿನಲ್ಲಿ ಇದ್ದಿದ್ದರೆ ಇದನ್ನೇ ನಾನು ಹೊಗಳುತ್ತಿದ್ದೆ.

ಇಲ್ಲಿ ಒಂದು ಸಣ್ಣ ವಿಷಯ ನಿಮಗೆ ಸಹಾಯ ಆಗಬಹುದು. ಇದು ಎಲ್‌ಪಿಯ ಮೊದಲ ಬದಿಯ ಕೊನೇ ಹಾಡು. ಆಗ ಕೇಳುತ್ತಿದ್ದವರು ಇದು ಮುಗಿದ ಮೇಲೆ ಎದ್ದು ಹೋಗಿ ಮುಳ್ಳು ಎತ್ತಿ, ರೆಕಾರ್ಡ್ ಮಗುಚಿ, ಮತ್ತೆ ಬಂದು ಕೂರಬೇಕಿತ್ತು. ಅರ್ಧ ನಿಮಿಷವಾದರೂ ಮೌನ. ನನಗೆ ಮೊದಲು ಈ ಆಲ್ಬಮ್ ಸಿಕ್ಕಿದ್ದು ಗೆಳೆಯನೊಬ್ಬ ರೆಕಾರ್ಡ್ ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ. ತೊಂಬತ್ತು ನಿಮಿಷದ ಕ್ಯಾಸೆಟ್, ಅದರ ಒಂದೇ ಬದಿಯಲ್ಲಿ ಇಡೀ ಎಲ್‌ಪಿ. ನಡುವೆ ಉಸಿರಾಡೋಕೆ ಬಿಡುವೇ ಇಲ್ಲದೆ ಜಾಜ್‌ನಿಂದ ನೇರ ಮುಂದಿನ ಹಾಡಿಗೆ ಬಿದ್ದ ಹಾಗಾಗುತ್ತಿತ್ತು. ಎಷ್ಟೋ ವರ್ಷ ಆದ ಮೇಲೆ ಎಲ್‌ಪಿ ಕೈಗೆ ಬಂತು. ಮಗುಚಿ ಹಾಕಿ ಬಂದು ಕೂತಾಗ ಎರಡನೇ ಬದಿ ಬೇರೆಯೇ ಕೇಳಿತು. ನೀವು ಫೋನಿನಲ್ಲಿ ಕೇಳುತ್ತಿದ್ದರೆ ನಾಲ್ಕನೇ ಹಾಡು ಆದ ಮೇಲೆ ನಿಲ್ಲಿಸಿ. ಎದ್ದು ನೀರು ಕುಡಿದು ಬನ್ನಿ.

ಎರಡನೇ ಬದಿ ‘ಸೆಕ್ವೆಂತ್ಸಾ’ದಿಂದ ಶುರು. ಬೂಟಾಟಿಕೆ ಒಂದು ಭಾಗ, ಸತ್ಯ ಒಂದು ಭಾಗ. ಕೊಳಲು ಎದೆಯುಬ್ಬಿಸಿಕೊಂಡು ಬರುತ್ತದೆ. ಇಲ್ಲಿ ತಂಡ ಒಂದಾಗಿ ನುಡಿಸುತ್ತಿದೆ.

ಆಮೇಲೆ ‘ಜಾನಿ ಸೇಯರ್’. ನಾನು ಈ ಆಲ್ಬಮ್ಮಿಗೆ ಮತ್ತೆ ಮತ್ತೆ ಮರಳುವುದು ಇದೊಂದು ಹಾಡಿಗಾಗಿ.

ಎಡ್ಗರ್ ಲೀ ಮಾಸ್ಟರ್ಸ್ ಅನ್ನುವ ಅಮೆರಿಕದ ಕವಿ 1915ರಲ್ಲಿ ‘ಸ್ಪೂನ್ ರಿವರ್ ಆಂಥಾಲಜಿ’ ಅನ್ನುವ ಪುಸ್ತಕ ತಂದ. ಒಂದು ಸಣ್ಣ ಊರಿನ ಸ್ಮಶಾನ. ಸತ್ತವರೆಲ್ಲ ಒಬ್ಬೊಬ್ಬರಾಗಿ ತಮ್ಮ ಕಥೆ ತಾವೇ ಹೇಳಿಕೊಳ್ಳುತ್ತಾರೆ. ಅವರಲ್ಲಿ ಒಬ್ಬ ಹುಡುಗ ಜಾನಿ ಸೇಯರ್. ಶಾಲೆಗೆ ಚಕ್ಕರ್ ಹೊಡೆದು ಓಡುವ ರೈಲಿಗೆ ಕದ್ದು ಹತ್ತುವುದು ಅವನ ಚಾಳಿ. ಒಂದು ದಿನ ರೈಲಿನ ಚಕ್ರ ಕಾಲಿನ ಮೇಲೆ ಹರಿಯುತ್ತದೆ. ಅವನನ್ನು ಹೊತ್ತುಕೊಂಡು ಹೋಗುವಾಗ ಕೆಳಗೆ ಕಣಿವೆಯಲ್ಲಿ ತಾನು ತಪ್ಪಿಸಿಕೊಂಡ ಶಾಲೆ ಕಾಣುತ್ತದೆ. ಅಪ್ಪನ ಹತ್ತಿರ ತಪ್ಪಾಯಿತು ಅನ್ನುವವರೆಗಾದರೂ ಜೀವ ಇರಲಿ ಅಂತ ಬೇಡಿಕೊಳ್ಳುತ್ತಾನೆ. ಅಪ್ಪ ಬರುತ್ತಾನೆ, ಅಳುತ್ತಾನೆ, ಮಾತು ಪೂರ್ತಿ ಹೊರಡದೆ ಏನೇನೋ ಸಮಾಧಾನ ಹೇಳುತ್ತಾನೆ. ಆ ಒಂದು ಗಳಿಗೆಯಿಂದ ತನಗೆ ಸಿಕ್ಕ ಸುಖಕ್ಕೆ ಎಣೆಯಿಲ್ಲ ಅಂತಾನೆ ಸತ್ತ ಹುಡುಗ. ಇಷ್ಟೇ ಕವಿತೆ, ಹದಿಮೂರು ಸಾಲು.

ಹಾಡಿನ ಇನ್ನೊಂದು ಹೆಸರು ‘ಕ್ಷಮೆ’. ಎಂಟು ಹಾಡುಗಳಲ್ಲಿ ಹೆಸರೂ ಹೂರಣವೂ ಪೂರ್ತಿ ಹೊಂದುವುದು ಇದರಲ್ಲೇ. ಉಳಿದ ಕಡೆ ಭಯ, ಅನುಮಾನ ಅಂತ ದೊಡ್ಡ ದೊಡ್ಡ ಪದಗಳಿವೆ. ಇಲ್ಲಿ ಒಬ್ಬ ಹುಡುಗ, ಒಬ್ಬ ಅಪ್ಪ, ಒಂದು ರೈಲು. ಹಾಡು ನಿಧಾನವಾಗಿದೆ, ಮೆತ್ತಗಿದೆ. ಕೈಚಳಕ ತೋರಿಸುವ ಆತುರ ಯಾರಿಗೂ ಇಲ್ಲ. ಮುಂದೆ ಬರುವುದು ದನಿ ಮತ್ತು ಕಥೆ. ಆಲ್ಬಮ್ಮಿನ ಏರುಪೇರಿನ ನಡುವೆ ಫೊಸ್ಸಾತಿ ತಾನು ಯಾರು ಅಂತ ಕಂಡುಕೊಂಡ ಜಾಗ ಇದು ಅಂತ ನನ್ನ ನಂಬಿಕೆ. ಅವನು ರಾಕ್ ತಂಡದ ಕೊಳಲಿನವನಾಗಿ ಉಳಿಯುವವನಲ್ಲ, ಹಾಡು ಕಟ್ಟುವವನು.

ಇದರ ಹಿಂದೆ ಜೆನೋವಾದ ನಂಟೊಂದಿದೆ. ಆ ಪುಸ್ತಕವನ್ನು 1943ರಲ್ಲಿ ಇಟಾಲಿಯನ್ನಿಗೆ ತಂದ ಫೆರ್ನಾಂದಾ ಪಿವಾನೊ ಹುಟ್ಟಿದ್ದು ಜೆನೋವಾದಲ್ಲಿ. ಅದೇ ಊರಿನ ಹಾಡುಗಾರ ಫಬ್ರಿಜಿಯೊ ದೆ ಆಂದ್ರೆ ಅದೇ ಪುಸ್ತಕದ ಒಂಬತ್ತು ಕವಿತೆಗಳನ್ನು ಹಾಡುಗಳಾಗಿ ಮಾರ್ಪಡಿಸಿ 1971ರಲ್ಲೇ ಒಂದು ಆಲ್ಬಮ್ ತಂದರು. ಇಟಲಿಯಲ್ಲಿ ಅದು ಮನೆಮಾತು. ಆ ಒಂಬತ್ತರಲ್ಲಿ ಜಾನಿ ಸೇಯರ್ ಇಲ್ಲ. ಒಂದೇ ಊರು, ಒಂದೇ ವರ್ಷ, ಒಂದೇ ಪುಸ್ತಕ. ದೊಡ್ಡವರು ಒಂಬತ್ತು ಕವಿತೆ ಹಾಡಿದರು, ಇಪ್ಪತ್ತರ ಹುಡುಗನ ತಂಡ ಹತ್ತನೆಯದನ್ನು ಹಾಡಿತು. ಆ ಎರಡು ಆಲ್ಬಮ್ಮುಗಳನ್ನು ಕಪಾಟಿನಲ್ಲಿ ನಾನು ಅಕ್ಕಪಕ್ಕ ಇಟ್ಟುಕೊಂಡಿದ್ದೇನೆ.

ಉಳಿದ ಎರಡು ಹಾಡುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಳನೆಯದು, ಕ್ರಿಸ್ ಅನ್ನುವ ಸರೋವರದ ಕಥೆ, ಚೆನ್ನಾಗಿದೆ. ಆದರೆ ‘ಜಾನಿ ಸೇಯರ್’ ಆದ ತಕ್ಷಣ ಬರುವುದರಿಂದ ಅದಕ್ಕೆ ನ್ಯಾಯ ಸಿಗುವುದಿಲ್ಲ. ಅದನ್ನು ಬೇರೆ ದಿನ ಒಂಟಿಯಾಗಿ ಕೇಳಿ. ಕೊನೆಯ ‘ದೋಲ್ಚೆ ಆಕ್ವಾ’ ಮನಸ್ಸನ್ನು ಹಗುರ ಮಾಡುತ್ತದೆ, ನಿಜ. ಭರವಸೆ ಅನ್ನುವ ಹೆಸರಿಗೆ ತಕ್ಕಷ್ಟು ಎತ್ತರಕ್ಕೆ ಮಾತ್ರ ಹೋಗುವುದಿಲ್ಲ.

ನಿಮ್ಮ ಪ್ರತಿಯಲ್ಲಿ ಒಂಬತ್ತನೆಯ ಹಾಡಾಗಿ ‘ಜೆಸಾಹೆಲ್’ ಇದ್ದರೆ ಅದು ಮೂಲ ಎಲ್‌ಪಿಯ ಎಂಟರಲ್ಲಿ ಸೇರಿದ್ದಲ್ಲ, ಆಮೇಲೆ ಸೇರಿಸಿದ್ದು ಅಂತ ತಿಳಿದಿರಿ. ಈ ಹಾಡಿನ ಕಥೆ ಹೇಳದಿದ್ದರೆ ದೆಲಿರಿಯಮ್ ಕಥೆ ಮುಗಿಯುವುದಿಲ್ಲ. ಸಾನ್‌ರೆಮೊ ಅಂದರೆ ಇಟಲಿ ಇಡೀ ಟಿವಿ ಮುಂದೆ ಕೂರುವ ಹಾಡಿನ ಸ್ಪರ್ಧೆ. ಕೋಟು ಟೈ ಹಾಕಿಕೊಂಡು ಪ್ರೇಮಗೀತೆ ಹಾಡುವವರ ವೇದಿಕೆ ಅದು. 1972ರಲ್ಲಿ ಅಲ್ಲಿಗೆ ಉದ್ದ ಕೂದಲಿನ ಈ ಹುಡುಗರು ಬಂದರು, ಕೋರಸ್ ಹಾಡೋಕೆ ಸುತ್ತ ಒಂದು ಗುಂಪನ್ನೇ ಕಟ್ಟಿಕೊಂಡು. ಫೊಸ್ಸಾತಿ ಮತ್ತು ಒಸ್ಕಾರ್ ಪ್ರುದೆಂತೆ ಬರೆದ ಹಾಡು. ಒಂದು ಹೆಸರನ್ನು ಮತ್ತೆ ಮತ್ತೆ ಕರೆಯುವ, ಚರ್ಚಿನ ಹಾಡಿನ ಹಾಗೆ ಎಲ್ಲರೂ ಸೇರಿ ಹಾಡಬಹುದಾದ ಪಲ್ಲವಿ. ಆರನೇ ಸ್ಥಾನ ಬಂತು. ಸ್ಥಾನ ಏನೇ ಇರಲಿ, ಹಾಡು ಎಲ್ಲರ ಬಾಯಲ್ಲೂ ಓಡಾಡಿತು. ಬ್ರಿಟನ್ನಿನ ಹಾಡುಗಾರ್ತಿ ಶರ್ಲಿ ಬ್ಯಾಸಿ ಅದನ್ನು ಇಂಗ್ಲಿಷಿನಲ್ಲಿ ಹಾಡಿದಳು.

ಇದರಿಂದ ತಂಡಕ್ಕೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ‘ಜೆಸಾಹೆಲ್’ ಕೇಳಿ ಖುಷಿಪಟ್ಟು ಎಲ್‌ಪಿ ಕೊಂಡವರಿಗೆ ಜಾಜ್ ಸಿಕ್ಕಿರುತ್ತದೆ. ಹೊಸ ಸಂಗೀತ ಹುಡುಕುತ್ತಿದ್ದವರಿಗೆ ಇದು ಸಾನ್‌ರೆಮೊ ತಂಡ ಅನ್ನಿಸಿರುತ್ತದೆ. ಎರಡು ಕಡೆಯವರಿಗೂ ಪೂರ್ತಿ ಸಲ್ಲದ ಪರಿಸ್ಥಿತಿ. ಅಷ್ಟರಲ್ಲಿ ಆ ವರ್ಷವೇ ಫೊಸ್ಸಾತಿಗೆ ಮಿಲಿಟರಿ ಸೇವೆಯ ಕರೆ ಬಂತು. ಆಗ ಇಟಲಿಯ ಗಂಡುಹುಡುಗರಿಗೆ ಅದು ಕಡ್ಡಾಯ. ಅವನು ಹೊರಟ. ಅವನ ಜಾಗಕ್ಕೆ ಇಂಗ್ಲೆಂಡಿನ ಮಾರ್ಟಿನ್ ಗ್ರೈಸ್ ಬಂದ, ಕೊಳಲು ಮತ್ತು ಸ್ಯಾಕ್ಸೊಫೋನ್ ನುಡಿಸುವವನು.

ಹೀಗಾಗಿ ಕವಲೊಡೆಯಿತು. ಎರಡನೇ ಆಲ್ಬಮ್ ‘ಲೊ ಶೇಮೊ ಎ ಇಲ್ ವಿಲ್ಲಾಜೊ’ 1972ರಲ್ಲೇ ಬಂತು. ಅದು ಮೊದಲನೆಯದಕ್ಕಿಂತ ಜಾಸ್ತಿ ಜಾಜ್, ಜಾಸ್ತಿ ಹೊಂದಿಕೆ. ಮೂರನೆಯದು 1974ರಲ್ಲಿ ಬಂತು, ಅದರಲ್ಲಿ ವಾದ್ಯವೃಂದ ಸೇರಿಕೊಂಡಿತು. ಎರಡೂ ಈ ಚೊಚ್ಚಲಿಗಿಂತ ಸಮತೂಕದವು. ತಂಡವಾಗಿ ದೆಲಿರಿಯಮ್ ಚೆನ್ನಾಗಿ ನುಡಿಸಿದ್ದು ಎರಡನೆಯದರಲ್ಲಿ ಅಂತ ಯಾರಾದರೂ ಅಂದರೆ ನಾನು ಜಗಳ ಆಡುವುದಿಲ್ಲ. ಆದರೆ ಅವುಗಳಲ್ಲಿ ‘ಜಾನಿ ಸೇಯರ್’ ಇಲ್ಲ. ಅದರ ಹತ್ತಿರ ಬರುವ ಹಾಡೂ ಇಲ್ಲ.

ಫೊಸ್ಸಾತಿಯ ದಾರಿ ಬೇರೆ ಆಯಿತು. ಅವನ ಮೊದಲ ಸ್ವಂತ ಆಲ್ಬಮ್ 1973ರಲ್ಲಿ ಬಂತು. ಹೆಸರಿನಲ್ಲಿ ದೊಡ್ಡ ಸಮುದ್ರ ದಾಟುವ ಮಾತಿದೆ. ಸಿಹಿನೀರಿನಿಂದ ಹೊರಟವನು ಎರಡೇ ವರ್ಷದಲ್ಲಿ ಸಮುದ್ರಕ್ಕೆ ಬಂದಿದ್ದ. ಆಮೇಲೆ ಮಿಯಾ ಮಾರ್ತಿನಿ, ಪ್ಯಾಟಿ ಪ್ರಾವೊ, ಆನ್ನಾ ಓಕ್ಸಾ ಥರದ ಹಾಡುಗಾರ್ತಿಯರಿಗೆ ಹಾಡು ಬರೆದುಕೊಟ್ಟು, ತಾನೂ ಹಾಡಿ, ಇಟಲಿಯ ದೊಡ್ಡ ಹಾಡುಗಾರರ ಸಾಲಿನಲ್ಲಿ ನಿಂತ. 1996ರಲ್ಲಿ ದೆ ಆಂದ್ರೆ ತಮ್ಮ ಕೊನೆಯ ಸ್ಟುಡಿಯೊ ಆಲ್ಬಮ್ ‘ಆನಿಮೆ ಸಾಲ್ವೆ’ ತಂದಾಗ ಜೊತೆಗೆ ಕೂತು ಹಾಡುಗಳನ್ನು ಬರೆದವನು ಈ ಫೊಸ್ಸಾತಿಯೇ. ಒಂದೇ ಪುಸ್ತಕದಿಂದ ಬೇರೆ ಬೇರೆ ಹಾಡು ಮಾಡಿದ ಜೆನೋವಾದ ಇಬ್ಬರು ಇಪ್ಪತ್ತೈದು ವರ್ಷ ಆದ ಮೇಲೆ ಒಂದೇ ಮೇಜಿನ ಮುಂದೆ ಕೂತಿದ್ದರು. ಇದು ಗೊತ್ತಾದ ದಿನ ನಾನು ‘ಜಾನಿ ಸೇಯರ್’ ಹಾಕಿಕೊಂಡು ಮೂರು ಸಲ ಕೇಳಿದೆ.

ಇನ್ನು ನಿಮ್ಮ ಕೊನೇ ಪ್ರಶ್ನೆ. ಹೇಗೆ ಕೇಳಬೇಕು? ಒಂದೇ ಕಥೆ ಅಂತ ಹುಡುಕುವುದನ್ನು ಸದ್ಯಕ್ಕೆ ಬಿಡಿ. ಮೊದಲ ದಿನ ಎರಡನೇ ಬದಿಯನ್ನು ಮಾತ್ರ ಕೇಳಿ. ‘ಸೆಕ್ವೆಂತ್ಸಾ’, ‘ಜಾನಿ ಸೇಯರ್’, ಸಾಕು. ಇಟಾಲಿಯನ್ ಬರದಿದ್ದರೂ ಪರವಾಗಿಲ್ಲ, ಮೇಲೆ ಹೇಳಿದ ಕಥೆ ತಲೆಯಲ್ಲಿರಲಿ. ಮಾರನೇ ದಿನ ಮೊದಲ ಬದಿ ಕೇಳಿ, ಆಗ ಬರೀ ಕೊಳಲನ್ನು ಹಿಂಬಾಲಿಸಿ. ಎಲ್ಲಿ ಶುದ್ಧವಾಗಿದೆ, ಎಲ್ಲಿ ಗಂಟಲು ಬೆರೆಯುತ್ತದೆ ನೋಡಿ. ಅದನ್ನು ಹಿಡಿದುಕೊಂಡು ಹೋದರೆ ನಾಲ್ಕನೆಯ ಹಾಡಿಗೆ ಹೋಗಿ ಮುಟ್ಟುವುದು ಅಷ್ಟು ಧಕ್ಕೆ ಅನ್ನಿಸುವುದಿಲ್ಲ. ಫೋನಿನ ಸಣ್ಣ ಸ್ಪೀಕರಿನಲ್ಲಿ ದಯವಿಟ್ಟು ಬೇಡ. ಈ ಆಲ್ಬಮ್ಮಿನ ಬಿರುಸೆಲ್ಲ ಬಾಸ್‌ನಲ್ಲಿದೆ, ಆ ಸ್ಪೀಕರಿನಲ್ಲಿ ಬಾಸ್ ಕೇಳುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ.

ಮುಂದೇನು ಕೇಳಬೇಕು ಅನ್ನುವುದು ನಿಮಗೆ ಇದರಲ್ಲಿ ಯಾವುದು ಹಿಡಿಸಿತು ಅನ್ನುವುದರ ಮೇಲಿದೆ. ಕೊಳಲು, ಬಿರುಸು ಹಿಡಿಸಿದರೆ ಓಸಾನ್ನಾದ ‘ಲುವೋಮೊ’ಗೆ ಹೋಗಿ. ಅದೂ ಅದೇ ವರ್ಷದ ಚೊಚ್ಚಲ ಆಲ್ಬಮ್, ಅದರಲ್ಲೂ ಕೊಳಲಿದೆ, ಅದರಲ್ಲೂ ಹುಡುಕಾಟವಿದೆ. ಪಿಯಾನೊ ಹಿಡಿಸಿದರೆ ದೆಲಿರಿಯಮ್ಮಿನ ಎರಡನೆಯದು. ‘ಜಾನಿ ಸೇಯರ್’ ಹಿಡಿಸಿದರೆ ರಾಕ್ ಅನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟು ದೆ ಆಂದ್ರೆಯ ಆ ಒಂಬತ್ತು ಹಾಡುಗಳ ಆಲ್ಬಮ್ ಹುಡುಕಿ. ಅದರಲ್ಲಿ ‘ಇಲ್ ಸುವೊನಾತೋರೆ ಜೋನ್ಸ್’ ಅನ್ನುವುದು ಕೊನೆಯ ಹಾಡು, ಜೀವನವಿಡೀ ಊರವರಿಗಾಗಿ ವಾದ್ಯ ನುಡಿಸಿಕೊಂಡೇ ಸತ್ತವನ ಕಥೆ. ಮೂಲ ಕವಿತೆಯಲ್ಲಿ ಜೋನ್ಸ್ ಕೈಯಲ್ಲಿರುವುದು ಪಿಟೀಲು. ದೆ ಆಂದ್ರೆ ಅದನ್ನು ತೆಗೆದು ಅವನ ಕೈಗೆ ಕೊಳಲು ಕೊಟ್ಟರು.